ಕಂಪೌಂಡ್ ಇಲ್ಲದ ಅಂಗಳ, ಎರಡು ನಾಯಿ

ಕಲಬುರಗಿಯ ಸೇಡಂ ರಸ್ತೆ ಕಡೆ ಹೊಸ ಬಡಾವಣೆಯಲ್ಲಿ ನಮ್ಮದು ಬಾಡಿಗೆ ಮನೆ. ಸುತ್ತ ಖಾಲಿ ಸೈಟು, ಅದರಾಚೆ ತೊಗರಿ ಹೊಲ. ಶಹಾಬಾದಿ ಫರಸಿ ಸಾಲಾಗಿ ನಿಲ್ಲಿಸಿ ಬೇಲಿ ಮಾಡಿಸಬಹುದಿತ್ತು, ಆದರೆ ಮಂದಿ ಜಾಗಕ್ಕೆ ಅಷ್ಟು ದುಡ್ಡು ಸುರಿಯಲು ಮನಸ್ಸು ಬರಲಿಲ್ಲ. ಬೀದಿಯಿಂದ ಬಂದ ಮೋತಿಗೆ ಅಂಗಳ ದಾಟುವ ಹಂಬಲವೇ ಇಲ್ಲ. ಚಿಂತೆಯೆಲ್ಲ ರಾಣಿಯದು. ಅವಳು ಮುಧೋಳ ತಳಿ, ಕಣ್ಣಿಂದ ಬೇಟೆ ಹುಡುಕುವ ಜಾತಿ. ದೂರದಲ್ಲಿ ಏನಾದರೂ ಅಲುಗಾಡಿದರೆ ಮುಗಿಯಿತು, ಕರೆದರೂ ಕೇಳಿಸುವುದಿಲ್ಲ.

ಗೂಟ ಹೊಡೆದು ಕಟ್ಟು ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಎರಿ ಮಣ್ಣಿನಲ್ಲಿ ಗೂಟವನ್ನು ನಂಬುವಂತಿಲ್ಲ. ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟು ಗೂಟ ಸಡಿಲ, ಮಳೆಯಲ್ಲಿ ಮಣ್ಣು ಮೆತ್ತಗಾಗಿ ಸಡಿಲ. ಗಟ್ಟಿ ನಿಂತರೂ ನಾಯಿ ಅದನ್ನೇ ಸುತ್ತಿ ಸುತ್ತಿ ಹಗ್ಗ ಮುಗಿಸಿಕೊಂಡು ನಿಲ್ಲುತ್ತದೆ.

ಹಾಗಾಗಿ ತಲೆ ಮೇಲೆ ತಂತಿ ಎಳೆದೆ. ಬೇವಿನ ಮರದಿಂದ ಪಡಸಾಲೆಯ ಕಲ್ಲುಕಂಬದವರೆಗೆ, ಸುಮಾರು 7 ಅಡಿ ಎತ್ತರದಲ್ಲಿ ಪ್ಲಾಸ್ಟಿಕ್ ಹೊದಿಕೆಯ ಸ್ಟೀಲ್ ವೈರ್ ರೋಪ್. ಮರದ ತೊಗಟೆ ಕೊಯ್ಯದಂತೆ ಹಳೆ ಸೈಕಲ್ ಟೈರು ಸುತ್ತಿದೆ. ತಂತಿಯ ಮೇಲೆ ಒಂದು ಸಣ್ಣ ರಾಟಿ ಓಡುತ್ತದೆ, ಅದರಿಂದ ಇಳಿಬಿಟ್ಟ ಹಗ್ಗ ನಾಯಿಯ ಬೆನ್ನಿಗೆ. ಮುಖ್ಯವಾದದ್ದು ಕ್ಲಾಂಪು: ಎರಡೂ ತುದಿ ಬರುವ ಸ್ವಲ್ಪ ಮೊದಲೇ ತಂತಿಗೆ ಬಿಗಿದಿದ್ದೇನೆ, ರಾಟಿ ಅಲ್ಲೇ ನಿಲ್ಲುತ್ತದೆ, ನಾಯಿ ಮರವನ್ನಾಗಲೀ ಕಂಬವನ್ನಾಗಲೀ ಸುತ್ತಲು ಆಗುವುದಿಲ್ಲ. ಹಗ್ಗ ಆರಾಮಾಗಿ ಮಲಗುವಷ್ಟು ಉದ್ದ ಇರಬೇಕು, ಕಟ್ಟೆಗೆ ಜಿಗಿದು ಆಚೆ ಬೀಳುವಷ್ಟು ಇರಬಾರದು. ಬಿದ್ದರೆ ನೇತಾಡುವುದೇ. ಒಂದು ತಂತಿಗೆ ಒಂದೇ ನಾಯಿ.

ಪಕ್ಕದ ಮನೆ ಅಜ್ಜಿ ನೋಡಿ, "ಏ ತಮ್ಮಾ, ಅರಿಬಿ ಒಣಗಸೋ ಹಗ್ಗಕ್ಕ ನಾಯಿ ಕಟ್ಟೀದಿ ಏನೋ?" ಅಂದರು. "ಹೌದಜ್ಜಿ, ಇದನ್ನೂ ಸ್ವಲ್ಪ ಬಿಸಲಿಗೆ ಹಾಕಬೇಕಲ್ಲ" ಅಂದೆ.

ಹಗ್ಗವನ್ನು ಕೊರಳಪಟ್ಟಿಗೆ ಸಿಕ್ಕಿಸುವುದಿಲ್ಲ. ಓಡಿ ತುದಿ ಮುಟ್ಟಿದಾಗ ಬೀಳುವ ಜಗ್ಗು ಪೂರಾ ಕೊರಳ ಮೇಲೆ ಬೀಳುತ್ತದೆ. ಎದೆ-ಬೆನ್ನು ಸುತ್ತುವ ಪಟ್ಟಿ, ಅಂದರೆ ಹಾರ್ನೆಸ್ಸೇ ಬೇಕು. ಮುಧೋಳಕ್ಕೆ ಎದೆ ಆಳ, ಸೊಂಟ ಸಣ್ಣದು. ಸಾಮಾನ್ಯ ಹಾರ್ನೆಸ್ಸಿನಿಂದ ಹಿಂದಕ್ಕೆ ಸರಿದು ಜಾರಿಕೊಳ್ಳುತ್ತದೆ. ಪಕ್ಕೆಲುಬಿನ ಹಿಂದೆ, ಸೊಂಟದ ಹತ್ತಿರ ಮೂರನೆಯ ಪಟ್ಟಿ ಇರುವಂಥದ್ದನ್ನು ತಂದೆ. ಬೆರಳೆರಡು ಒಳಗೆ ಹೋಗುವಷ್ಟು ಬಿಗಿ.

ಇಷ್ಟೆಲ್ಲ ಇದ್ದರೂ ತಂತಿಗೆ ಕಟ್ಟಿ ನಾನು ಒಳಗೆ ಹೋಗುವುದಿಲ್ಲ. ಬೀದಿ ನಾಯಿಗಳ ಗುಂಪು ಬಂದರೆ ಕಟ್ಟಿದ ನಾಯಿ ಓಡಿ ತಪ್ಪಿಸಿಕೊಳ್ಳಲಾರದು. ಕುರ್ಚಿ, ಚಹಾ, ಕೈಯಲ್ಲೊಂದು ಕೋಲು. ಕೋಲು ನೆಲಕ್ಕೆ ಬಡಿದರೆ ಸಾಕು, ಸಾಮಾನ್ಯವಾಗಿ ಗುಂಪು ದಾರಿ ಬದಲಿಸುತ್ತದೆ. ರೇಬೀಸ್ ಲಸಿಕೆ ವರ್ಷಾವರ್ಷ ಹಾಕಿಸುತ್ತೇನೆ, ಅದರಲ್ಲಿ ರಾಜಿ ಇಲ್ಲ.

ಬೇಸಿಗೆಯಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಆಗ ಸೂರ್ಯ ಏರುವ ಮುಂಚೆ ಒಂದು ಸಲ, ಕತ್ತಲಾದ ಮೇಲೆ ಒಂದು ಸಲ. ಫರಸಿ ಸಂಜೆಗೂ ಕಾದೇ ಇರುತ್ತದೆ. ಮುಂಗೈ ಇಟ್ಟು ನೋಡುತ್ತೇನೆ, ನನಗೆ ತಡೆಯದಿದ್ದರೆ ಅದರ ಪಾದಕ್ಕೂ ಇಲ್ಲ. ಮಳೆಗಾಲದಲ್ಲಿ ಉಣ್ಣಿ ಹುಳದ ಕಾಟ: ಒಳಗೆ ಬಿಡುವ ಮುನ್ನ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಹುಡುಕಬೇಕು. ಬೆರಳ ಸಂದಿಗೆ ಮೆತ್ತಿದ ಎರಿ ಮಣ್ಣನ್ನು ಒಣಗುವ ಮೊದಲೇ ತೊಳೆಯಬೇಕು. ತೊಗರಿ ಹೂ-ಕಾಯಿ ಹಿಡಿದು ಕಾಯಿಕೊರಕಕ್ಕೆ ಔಷಧಿ ಹೊಡೆಯುವ ದಿನ ಹೊಲದ ಕಡೆ ಸುಳಿಯುವುದೇ ಇಲ್ಲ. ತೊಗರಿ ಕಟ್ಟಿಗೆಯ ಬಣವೆ ಅಂಗಳದಿಂದ ದೂರ ಇಡಿಸಿದ್ದೇನೆ. ಇಲಿ ಸೇರುತ್ತವೆ, ಇಲಿಯ ಹಿಂದೆ ಹಾವು ಬರುತ್ತದೆ.

ಇದರ ಜೊತೆಗೆ ಉದ್ದ ಹಗ್ಗ ಹಿಡಿದು ಸೀಟಿ ಕಲಿಸಿದೆ. ಸೀಟಿ ಊದುವುದು, ಬಂದ ಕೂಡಲೇ ಪನೀರ್ ಚೂರು. (ನಮ್ಮ ಮನೆಯಲ್ಲಿ ಮೊಟ್ಟೆಗೆ ಪ್ರವೇಶವಿಲ್ಲ. ರೊಟ್ಟಿ ತೋರಿಸಿದರೆ ರಾಣಿ ಮುಖ ತಿರುಗಿಸುತ್ತಾಳೆ.) ಮೋತಿ ಈಗ ಹಗ್ಗವಿಲ್ಲದೆ ನನ್ನ ಕುರ್ಚಿ ಪಕ್ಕ ಕೂಡುತ್ತಾನೆ. ರಾಣಿಯೂ ಸೀಟಿಗೆ ಬರುತ್ತಾಳೆ, ಹೊಲದಲ್ಲಿ ಮೊಲ ಏಳದಿದ್ದರೆ. ಅದಕ್ಕೇ ಅವಳ ಕೊಂಡಿ ಬಿಚ್ಚುವುದು ಮನೆ ಬಾಗಿಲು ಹಾಕಿದ ಮೇಲೆಯೇ.