ಟೌನ್‌ಕ್ರೈಯರ್, ರೀಡ್‌ಮಿ, ರಿಲೀಸ್ ಟಿಪ್ಪಣಿ: ನಮ್ಮಲ್ಲಿ ಕೆಲಸಕ್ಕೆ ಬಂದ ವ್ಯವಸ್ಥೆ

‘ಪ್ರತಿ ಪಿಆರ್ ಜೊತೆ ಇನ್ನೊಂದು ಫೈಲ್ ಯಾರು ಬರೀತಾರೆ ಮಾರಾಯ್ರೆ?’ ಟೌನ್‌ಕ್ರೈಯರ್ ತರೋಣ ಅಂದಾಗ ಬಂದ ಉತ್ತರ ಇದು. ಪ್ರತಿ ಪಿಆರ್ (ಸೇರಿಸಲು ಕಳಿಸುವ ಕೋಡ್ ಬದಲಾವಣೆ) ಜೊತೆ ಅದರ ಬಗ್ಗೆ ಒಂದೆರಡು ಸಾಲಿನ ಚೂರು ಫೈಲ್ ಇಟ್ಟರೆ, ರಿಲೀಸ್ ಹೊತ್ತಿಗೆ ಅವನ್ನೆಲ್ಲ ಕೂಡಿಸಿ ಟಿಪ್ಪಣಿ ಮಾಡಿಕೊಡುವ ಟೂಲ್ ಅದು. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಪಠ್ಯವನ್ನು ಯೂನಿಕೋಡಿಗೆ ತಿರುಗಿಸುವ ಪುಟ್ಟ ಪೈಥಾನ್ ಟೂಲ್ ನಮ್ಮದು. ಹಿಂದೆ ರಿಲೀಸ್ ಟಿಪ್ಪಣಿಗೆ ಅರ್ಧ ಭಾನುವಾರ ಹೋಗುತ್ತಿತ್ತು, ಈಗ ಹತ್ತು ನಿಮಿಷ ಸಾಕು. ಅಂದು ಗೊಣಗಿದವರೇ ಈಗ ಚೂರು ಫೈಲ್ ಇಲ್ಲದ ಪಿಆರ್ ವಾಪಸ್ ಕಳಿಸುತ್ತಾರೆ.

ಒಂದೇ ಚೇಂಜ್‌ಲಾಗ್ (ಬದಲಾವಣೆಗಳ ಪಟ್ಟಿಯ ಫೈಲ್) ಇದ್ದಾಗ ಎಲ್ಲರೂ ಅದರ ತಲೆಗೇ ಸಾಲು ಸೇರಿಸುತ್ತಿದ್ದರು, ಒಂದೇ ಜಾಗದ ತಿದ್ದುಪಡಿಗಳು ಡಿಕ್ಕಿಯಾಗುವ ಕಾನ್‌ಫ್ಲಿಕ್ಟ್ ತಪ್ಪುತ್ತಿರಲಿಲ್ಲ. ಗಿಟ್‌ನ ಸೆಟ್ಟಿಂಗ್ ಫೈಲಾದ ಗಿಟ್‌ಆಟ್ರಿಬ್ಯೂಟ್ಸ್‌ನಲ್ಲಿ ‘ಮರ್ಜ್=ಯೂನಿಯನ್’ (ಎರಡೂ ಕಡೆಯ ಸಾಲು ಇಟ್ಟುಕೋ) ಹಾಕಿದರೆ ಕಾನ್‌ಫ್ಲಿಕ್ಟ್ ಹೋಗುತ್ತದೆ ನಿಜ, ಆದರೆ ನಡುವೆ ರಿಲೀಸ್ ಆಗಿದ್ದರೆ 1.3ರ ಬದಲಾವಣೆ 1.2ರ ತಲೆಬರಹದಡಿ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಟಿಪ್ಪಣಿಯನ್ನು ಕಮಿಟ್ ಸಂದೇಶಗಳಿಂದ (ಪ್ರತಿ ಬದಲಾವಣೆ ಉಳಿಸುವಾಗ ಬರೆಯುವ ಸಾಲು) ತೆಗೆದರೆ ಮುಕ್ಕಾಲು ಪಾಲು ‘ಟೈಪೊ’, ‘ಮತ್ತೆ ಸರಿ’.

ಚೂರು ಫೈಲಿನ ಪದ್ಧತಿ ನಿಮಗೆ ಗೊತ್ತಿರುವುದೇ. ಪೈಥಾನಿನ ಪಿಪ್ (ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಟೂಲ್), ಪೈಟೆಸ್ಟ್ (ಟೆಸ್ಟ್ ಓಡಿಸುವ ಟೂಲ್) ಎರಡರಲ್ಲೂ ಇದೇ ಇದೆ. ಕೈಕೊಡುವ ಜಾಗಗಳನ್ನಷ್ಟೇ ಹೇಳುತ್ತೇನೆ. ಪಿಆರ್ ಬಂದಾಗ ತಾನಾಗಿ ಟೆಸ್ಟ್ ಓಡಿಸುವ ಗಿಟ್‌ಹಬ್ ಆಕ್ಷನ್ಸ್‌ನ ಚೆಕ್‌ಔಟ್ ಕೊನೆಯ ಕಮಿಟ್ ಒಂದನ್ನೇ ತರುತ್ತದೆ, ಹಾಗಾಗಿ ಚೂರು ಇದೆಯೇ ಎಂದು ನೋಡುವ ‘ಟೌನ್‌ಕ್ರೈಯರ್ ಚೆಕ್’ಗೆ ಮೇನ್ ಬ್ರಾಂಚ್ ಜೊತೆ ಹೋಲಿಸಲು ಏನೂ ಸಿಗುವುದಿಲ್ಲ, ಫೆಚ್-ಡೆಪ್ತ್ ಸೊನ್ನೆ ಮಾಡಿ, ಇತಿಹಾಸ ಪೂರ್ತಿ ಬರುತ್ತದೆ. ಚೂರುಗಳನ್ನು ಕೂಡಿಸುವ ‘ಟೌನ್‌ಕ್ರೈಯರ್ ಬಿಲ್ಡ್’ ಆದಮೇಲೆ ಚೂರುಗಳೆಲ್ಲ ಅಳಿದು ಫೋಲ್ಡರೇ ಮಾಯವಾಗುತ್ತದೆ, ಒಳಗೊಂದು ಗಿಟ್‌ಇಗ್ನೋರ್ ಇಟ್ಟರೆ ಉಳಿಯುತ್ತದೆ. ಇಶ್ಯೂ ಸಂಖ್ಯೆ ಇಲ್ಲದಿದ್ದರೆ ಫೈಲ್ ಹೆಸರು ಪ್ಲಸ್ ಚಿಹ್ನೆಯಿಂದ ಶುರುವಾಗಲಿ. ‘ಮಿಸ್ಕ್’ (ಇತರೆ) ಬಗೆಯಲ್ಲಿ ಬರೆದ ಸಾಲು ಟಿಪ್ಪಣಿಯಲ್ಲಿ ಕಾಣುವುದಿಲ್ಲ, ಬರೀ ಸಂಖ್ಯೆ ಬರುತ್ತದೆ. ಸೋಮಾರಿಗಳಿಗೆ ಇದು ಗೊತ್ತಾದರೆ ಎಲ್ಲವೂ ಮಿಸ್ಕೇ. ಬಾಟ್‌ಗಳ ಪಿಆರ್‌ಗೆ ಲೇಬಲ್ ಕೊಟ್ಟು ವಿನಾಯಿತಿ ಕೊಡಿ.

ಟೂಲಿನ ಪರಿಚಯದ ಫೈಲಾದ ರೀಡ್‌ಮಿ ಸುಮಾರು ಆರುನೂರು ಸಾಲಿತ್ತು, ಈಗ ನೂರಿಪ್ಪತ್ತರ ಆಸುಪಾಸು. ಟೂಲ್ ಏನು ಮಾಡುತ್ತದೆಂದು ಒಂದು ವಾಕ್ಯ, ಇನ್‌ಸ್ಟಾಲ್ ಸಾಲು, ಔಟ್‌ಪುಟ್ ಸಮೇತ ಒಂದು ಉದಾಹರಣೆ. ಉಳಿದದ್ದೆಲ್ಲ ಕೈಪಿಡಿಗಳನ್ನಿಡುವ ತಾಣ ರೀಡ್ ದಿ ಡಾಕ್ಸ್‌ಗೆ. ಓಪನ್ ಸೋರ್ಸ್‌ಗೆ ಅದು ಪುಕ್ಕಟೆ, ಆದ್ದರಿಂದ ವರ್ಷಕ್ಕೆ ಸಾವಿರ ರೂಪಾಯಿಯಷ್ಟು ತಿನ್ನುತ್ತಿದ್ದ ಸ್ವಂತ ಡೊಮೇನ್ ಬಿಟ್ಟೆವು. ಪ್ರಯೋಗಗಳನ್ನೂ ಪಬ್ಲಿಕ್ ರೆಪೊದಲ್ಲೇ ಮಾಡಿ. ಪ್ರೈವೇಟ್‌ನಲ್ಲಿ ಮಾಡುತ್ತಿದ್ದಾಗ ಗಿಟ್‌ಹಬ್ ಆಕ್ಷನ್ಸ್‌ನ ವಿಂಡೋಸ್ ನಿಮಿಷ ಒಂದಕ್ಕೆರಡು ಲೆಕ್ಕವಾಗಿ ಉಚಿತ ಕೋಟಾ ತಿಂಗಳ ಮಧ್ಯದಲ್ಲೇ ಖಾಲಿ.

ರೀಡ್‌ಮಿಯ ಉದಾಹರಣೆಯನ್ನು ಡಾಕ್‌ಟೆಸ್ಟ್‌ನಿಂದ ಓಡಿಸುತ್ತೇವೆ, ಬರೆದ ಔಟ್‌ಪುಟ್ ನಿಜವಾಗಿ ಬರುತ್ತದೆಯೇ ಎಂದು ಅದು ನೋಡುತ್ತದೆ. ಔಟ್‌ಪುಟ್ ಆದ ಕೂಡಲೇ ಕೋಡ್ ಮುಗಿಸುವ ಮೂರು ಬ್ಯಾಕ್‌ಟಿಕ್ ಬಂದರೆ ಅದನ್ನೂ ಔಟ್‌ಪುಟ್ ಎಂದೇ ಓದಿ ಫೇಲ್ ಮಾಡುತ್ತದೆ. ನಡುವೆ ಖಾಲಿ ಸಾಲು ಬಿಡಿ. ಕನ್ನಡಕ್ಕೇ ವಿಶೇಷವಾದದ್ದು ‘ರ‍್ಯಾಂಕ್’. ರಕಾರದ ನಂತರ ಕಣ್ಣಿಗೆ ಕಾಣದ ಜೋಡಕ, ಅಂದರೆ ಯು+200ಡಿ, ಇರಬೇಕು. ಕಾಪಿ ಪೇಸ್ಟ್‌ನಲ್ಲಿ ಅದು ಬಿದ್ದುಹೋದರೆ ಅರ್ಕಾವತ್ತು ಬರುತ್ತದೆ, ಫಾಂಟ್ ಸರಿಯಿಲ್ಲದಿದ್ದರೆ ಅದೂ ಗೊತ್ತಾಗದೆ ಟೆಸ್ಟ್ ಮಾತ್ರ ಕೆಂಪಾಗಿರುತ್ತದೆ. ಈ ಒಂದು ಉದಾಹರಣೆಯನ್ನು ಪೈಥಾನಿನ ‘ಆಸ್ಕಿ’ ಫಂಕ್ಷನ್ ಮೂಲಕ ಮುದ್ರಿಸಿ ಹೋಲಿಸಿ, ಪ್ರತಿ ಕೋಡ್ ಕಣ್ಣಿಗೆ ಬೀಳುತ್ತದೆ.

ಕನ್ನಡದ ರೀಡ್‌ಮಿ ಪ್ರಯೋಗವೂ ನಡೆಯಿತು. ಹಳೆಯ ಸೆಟಪ್ ಫೈಲ್ (ಇನ್‌ಸ್ಟಾಲ್ ಸ್ಕ್ರಿಪ್ಟ್) ಎನ್‌ಕೋಡಿಂಗ್ ಹೇಳದೆ ಅದನ್ನು ತೆರೆಯುವುದರಿಂದ ವಿಂಡೋಸ್‌ನಲ್ಲಿ ಸೋರ್ಸ್‌ನಿಂದ ಇನ್‌ಸ್ಟಾಲ್ ಮಾಡಿದರೆ ‘ಕನ್ನಡ’ ಪದದ ಮೂರನೇ ಕೋಡಿನಲ್ಲೇ ಮುಗ್ಗರಿಸುತ್ತದೆ: ಹಲಂತದ ಕೊನೆಯ ಬೈಟ್ 8ಡಿ, ವಿಂಡೋಸ್ ಬಳಸುವ ಅಕ್ಷರಪಟ್ಟಿ ಸಿಪಿ1252ರಲ್ಲಿ ಆ ಜಾಗ ಖಾಲಿ. ಅದರ ಬದಲಿನ ಹೊಸ ಫೈಲ್ ಪೈಪ್ರಾಜೆಕ್ಟ್ ಟಾಮ್ಲ್‌ನ ರೀಡ್‌ಮಿ ಸಾಲಿಗೆ ಬದಲಾದರೆ ತಾಪತ್ರಯವಿಲ್ಲ, ಅದು ಯುಟಿಎಫ್-8 ಎಂದೇ ಓದುತ್ತದೆ.

ಪೈಥಾನ್ ಪ್ಯಾಕೇಜ್‌ಗಳ ತಾಣ ಪೈಪಿಐಗೆ ಏರಿಸುವ ಮುನ್ನ ರೀಡ್‌ಮಿ ಪರೀಕ್ಷಿಸುವ ‘ಟ್ವೈನ್ ಚೆಕ್’ ಪಾಸಾಯಿತೆಂದು ನಂಬಬೇಡಿ. ಮಾರ್ಕ್‌ಡೌನ್ ಶೈಲಿಯ ರೀಡ್‌ಮಿಗೆ ಅದು ಹೆಚ್ಚುಕಮ್ಮಿ ಎಲ್ಲಕ್ಕೂ ಸೈ ಅನ್ನುತ್ತದೆ, ರಿಲೇಟಿವ್ ಲಿಂಕಿನ ಚಿತ್ರಗಳು ಮಾತ್ರ ಅಲ್ಲಿ ಒಡೆದೇ ಕಾಣುತ್ತವೆ. ಅಳಿಸಿ ಅದೇ ಫೈಲ್ ಹೆಸರಲ್ಲಿ ಮತ್ತೆ ಏರಿಸಲೂ ಬಿಡುವುದಿಲ್ಲ, ಒಂದು ಚಿತ್ರಕ್ಕಾಗಿ ಪೋಸ್ಟ್1 ಎಂಬ ಮರು ರಿಲೀಸ್ ಮಾಡಬೇಕು. ಲಿಂಕ್‌ಗಳನ್ನು ಪೂರ್ತಿ ಬರೆಯಿರಿ, ಮೇನ್ ಬದಲು ಆ ರಿಲೀಸಿನ ಟ್ಯಾಗಿಗೇ ಕಟ್ಟಿಡಿ. ಟ್ಯಾಗ್ ತುಂಬುವ ಸ್ಕ್ರಿಪ್ಟ್ ನಾನು ಕೊಡುವುದಿಲ್ಲ. ಐದಾರು ಸಾಲು, ನೀವೇ ಬರೆದುಕೊಳ್ಳಿ.

ಯಾಂಕ್ ಮಾಡಿದ (ಪೈಪಿಐನಲ್ಲಿ ಹಿಂತೆಗೆದ) ಆವೃತ್ತಿಯ ತಲೆಬರಹವನ್ನು ಚೇಂಜ್‌ಲಾಗಿನಿಂದ ತೆಗೆಯಬೇಡಿ. ಎರಡು ಸಮ ಚಿಹ್ನೆ ಹಾಕಿ ಅದಕ್ಕೇ ಪಿನ್ ಮಾಡಿಕೊಂಡವರಿಗೆ ಪಿಪ್ ಅದನ್ನೇ ಕೊಡುತ್ತಿರುತ್ತದೆ, ಅವರು ಹುಡುಕಿಕೊಂಡು ಬರುವುದು ಆ ಸಂಖ್ಯೆಯನ್ನೇ.