ಮಗಳನ್ನು ದುಭಾಷಿ ಮಾಡಬೇಡಿ: ಸ್ಪ್ಯಾನಿಷ್ ಮಾತಿನ ಮನೆಯ ಆಟಿಸಂ ಮಗುವಿಗೆ ನೆರವು ಕೊಡಿಸುವುದು ಹೇಗೆ?

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಲಾಂಡ್ರಿ ಕೋಣೆ. ಒಂದು ಶನಿವಾರ ಪಕ್ಕದ ಬ್ಲಾಕಿನ ಹೆಂಗಸು ನನ್ನೆದುರು ಒಂದು ಪ್ಲಾಸ್ಟಿಕ್ ಕವರ್ ಬಿಚ್ಚಿದರು. ಮೆಕ್ಸಿಕೋದ ಮಿಚೊಆಕಾನ್ ಕಡೆಯವರು, ಮನೆ ಕ್ಲೀನ್ ಮಾಡುವ ಕೆಲಸ. ಕವರಿನೊಳಗೆ 38 ಪುಟ ಇಂಗ್ಲಿಷ್ ಕಾಗದ, ಕೊನೆಯ ಪುಟದಲ್ಲಿ ಅವರ ಸಹಿ. ನಾಲ್ಕು ವರ್ಷದ ಮಗ ಡ್ರೈಯರ್ ಶುರುವಾದ ಕೂಡಲೇ ಕಿವಿ ಮುಚ್ಚಿಕೊಂಡು ಮೂಲೆ ಸೇರಿದ. ಶಬ್ದ ನಿಂತ ಮೇಲೆ ಸೋಪಿನ ಬಾಟಲಿಗಳ ಮುಚ್ಚಳ ಬಿಚ್ಚಿ ಬಣ್ಣ ಬಣ್ಣಕ್ಕೆ ಸಾಲು ಜೋಡಿಸತೊಡಗಿದ.

‘ಸಹಿ ಹಾಕಿದ್ದೀರಲ್ಲ, ಇದರಲ್ಲೇನಿದೆ?’ ಎಂದು ಕೇಳಿದೆ. ಅವರು ಹತ್ತು ವರ್ಷದ ಮಗಳ ಮುಖ ನೋಡಿದರು. ಶಾಲೆಯ ಮೀಟಿಂಗಿನಲ್ಲಿ ಅಮ್ಮನಿಗೆ ಮಾತು ತಿರುಗಿಸಿ ಹೇಳಿದ್ದು ಆ ಹುಡುಗಿಯೇ. ‘ಕೆಲವು ಪದ ಗೊತ್ತಾಗಲಿಲ್ಲ, ಬಿಟ್ಟುಬಿಟ್ಟೆ’ ಎಂದಳು. ಬಿಟ್ಟ ಪದಗಳಲ್ಲಿ ಆಕೆಯ ತಮ್ಮನಿಗೆ ಏನಾಗಿದೆ ಎಂಬುದೂ ಸೇರಿತ್ತು.

ನನ್ನ ಸ್ಪ್ಯಾನಿಷ್ ಫೋನಿನಲ್ಲಿ ಕಲಿತ ಅರೆಬರೆ ಸ್ಪ್ಯಾನಿಷ್. ಆದರೂ ಮುಂದಿನ ಒಂದು ವರ್ಷ ಅವರ ಜೊತೆ ಓಡಾಡಿದೆ. ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಮೆರಿಕದಲ್ಲಿರುವ ಕನ್ನಡದ ಎಷ್ಟೋ ಮನೆಗಳಲ್ಲಿ ಮಗು ನೋಡಿಕೊಳ್ಳುವವರು, ಅಡುಗೆಗೆ, ತೋಟಕ್ಕೆ ಬರುವವರು ಸ್ಪ್ಯಾನಿಷ್ ಮಾತಿನವರೇ. ಅವರ ಮಗುವಿನ ವಿಷಯ ಒಂದಲ್ಲ ಒಂದು ದಿನ ನಿಮ್ಮ ಕಿವಿಗೂ ಬೀಳುತ್ತದೆ.

ಮೊದಲು, ಮಾತು ಕೇಳಿಸಿಕೊಳ್ಳಿ

‘ಯಾ ವಾ ಆ ಅಬ್ಲಾರ್’, ಇನ್ನೇನು ಮಾತಾಡ್ತಾನೆ ಬಿಡಿ. ಸ್ಪ್ಯಾನಿಷ್ ಅಜ್ಜಿಯರು ಇದನ್ನು ಹೇಳುವ ಧಾಟಿ ಕೇಳಿದರೆ ನಮ್ಮ ಮನೆಯ ಅಜ್ಜಿಯೇ ನೆನಪಾಗುತ್ತಾರೆ. ಗಂಡು ಮಕ್ಕಳಿಗೆ ಮಾತು ತಡ, ಅಪ್ಪನೂ ಹಾಗೇ ಇದ್ದ, ದೃಷ್ಟಿಯಾಗಿರಬೇಕು. ಅವರಲ್ಲೂ ದೃಷ್ಟಿ ಇದೆ, ಅದಕ್ಕೆ ತಾಯತವೂ ಇದೆ. ಇದನ್ನು ಜರಿಯಲು ಹೋದರೆ ಮಾತು ಅಲ್ಲಿಗೇ ಮುಗಿಯಿತು. ಅಜ್ಜಿ ಹೇಳಿದ್ದನ್ನೂ ಮಾಡಿ, ಡಾಕ್ಟರನ್ನೂ ಒಮ್ಮೆ ಕೇಳೋಣ ಅಂದರೆ ಕೆಲಸ ಸಾಗುತ್ತದೆ.

ಕೇಳುವುದಕ್ಕೆ ದುಡ್ಡಿಲ್ಲದ ದಾರಿ ಇದೆ. ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿ 16ರಿಂದ 30 ತಿಂಗಳ ಮಕ್ಕಳಿಗಾಗಿ ಇದೆ, ಸ್ಪ್ಯಾನಿಷ್‌ನಲ್ಲೂ ಸಿಗುತ್ತದೆ. ನೀವು ಬೆರಳು ತೋರಿಸಿದ ಕಡೆ ಮಗು ನೋಡುತ್ತದೆಯೇ, ಹೆಸರು ಕರೆದರೆ ತಿರುಗುತ್ತದೆಯೇ, ಇಂಥವೇ ಪ್ರಶ್ನೆಗಳು. 18 ಮತ್ತು 24 ತಿಂಗಳಿಗೆ ಪ್ರತಿ ಮಗುವಿಗೂ ಆಟಿಸಂ ತಪಾಸಣೆ ಆಗಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಹೇಳಿದೆ. ಆಗಿಲ್ಲದಿದ್ದರೆ ಕೇಳುವುದು ತಾಯಿಯ ಹಕ್ಕು. ಅಮೆರಿಕದ ಕೇಂದ್ರ ಆರೋಗ್ಯ ಸಂಸ್ಥೆ ಸಿಡಿಸಿಯ ಬೆಳವಣಿಗೆಯ ಮೈಲಿಗಲ್ಲುಗಳ ಪಟ್ಟಿಯೂ ಮೊಬೈಲ್ ಆ್ಯಪ್ ಕೂಡ ಸ್ಪ್ಯಾನಿಷ್‌ನಲ್ಲಿವೆ. ಸಿಡಿಸಿ 2025ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅದು ಗಮನಿಸುವ ಪ್ರದೇಶಗಳಲ್ಲಿ ಎಂಟು ವರ್ಷದ ಪ್ರತಿ 31 ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ ಇದೆ. ಇದನ್ನು ಹೇಳಿದಾಗ ನಮ್ಮ ಪಕ್ಕದ ಬ್ಲಾಕಿನಾಕೆ ಉಸಿರುಬಿಟ್ಟರು. ಅಷ್ಟು ದಿನ ತಾನೇ ಏನೋ ತಪ್ಪು ಮಾಡಿದ್ದೇನೆ ಅಂದುಕೊಂಡಿದ್ದರು.

ಎರಡು ಬಾಗಿಲು, ಎರಡನ್ನೂ ತಟ್ಟಿ

ಎಲ್ಲರೂ ಎಡವುವುದು ಇಲ್ಲೇ. ಕ್ಯಾಲಿಫೋರ್ನಿಯಾದಲ್ಲಿ ಶಾಲೆ ಒಂದು ಬಾಗಿಲು, ಬೆಳವಣಿಗೆಯ ತೊಡಕು ಇರುವವರಿಗೆ ನೆರವು ಕೊಡಿಸುವ ರೀಜನಲ್ ಸೆಂಟರ್ ಇನ್ನೊಂದು ಬಾಗಿಲು. ಒಂದರೊಳಗೆ ಹೋದರೆ ಇನ್ನೊಂದು ತಾನಾಗಿ ತೆರೆಯುವುದಿಲ್ಲ.

1969ರ ಲ್ಯಾಂಟರ್‌ಮನ್ ಕಾಯ್ದೆಯ ಬಲದ ಮೇಲೆ ನಿಂತಿರುವ ರೀಜನಲ್ ಸೆಂಟರ್‌ಗಳು ರಾಜ್ಯದಲ್ಲಿ 21 ಇವೆ. ನಮ್ಮ ಸಾಂಟಾ ಕ್ಲಾರಾ ಕೌಂಟಿ ಸ್ಯಾನ್ ಆಂಡ್ರಿಯಾಸ್ ರೀಜನಲ್ ಸೆಂಟರಿಗೆ ಸೇರಿದ್ದು. ಮಗು ಮೂರು ವರ್ಷದೊಳಗಿದ್ದರೆ ‘ಅರ್ಲಿ ಸ್ಟಾರ್ಟ್’ ಎಂದು ಕೇಳಬೇಕು, ಪುಟ್ಟ ಮಕ್ಕಳಿಗೆ ಬೇಗ ನೆರವು ಕೊಡುವ ಯೋಜನೆ ಅದು. ಡಾಕ್ಟರ ಚೀಟಿ ಬೇಕಿಲ್ಲ, ತಾಯಿಯೇ ಫೋನ್ ಮಾಡಬಹುದು. ಫೋನ್ ಮಾಡಿದ ದಿನದಿಂದ 45 ದಿನದೊಳಗೆ ಪರೀಕ್ಷೆ ಮುಗಿದು ಯೋಜನೆಯ ಸಭೆ ನಡೆಯಬೇಕು. ಮೂರು ದಾಟಿದ ಮಗುವಾದರೆ ಮೊದಲ ಭೇಟಿ 15 ಕೆಲಸದ ದಿನಗಳಲ್ಲಿ, ಪರೀಕ್ಷೆ 120 ದಿನಗಳಲ್ಲಿ. ಮೂರು–ನಾಲ್ಕು ವರ್ಷದ ಮಕ್ಕಳನ್ನು ಪಕ್ಕಾ ಡಯಾಗ್ನೋಸಿಸ್ ಬರುವ ಮೊದಲೇ ತಾತ್ಕಾಲಿಕವಾಗಿ ಸೇರಿಸಿಕೊಳ್ಳುವುದಕ್ಕೂ ಅವಕಾಶವಿದೆ. ಹಾಗೇ ಕೇಳಿ ನೋಡಿ.

ಶಾಲೆಯ ಬಾಗಿಲು ತೆರೆಯುವುದು ಮೂರನೇ ಹುಟ್ಟುಹಬ್ಬಕ್ಕೆ. 1975ರಲ್ಲಿ ಬಂದು, 1990ರಲ್ಲಿ ಹೆಸರು ಬದಲಾಗಿ ಆಟಿಸಂ ಅನ್ನೂ ಸೇರಿಸಿಕೊಂಡ, ಅಂಗವೈಕಲ್ಯ ಇರುವ ಮಕ್ಕಳ ಶಿಕ್ಷಣದ ಕೇಂದ್ರ ಕಾನೂನು ಇದರ ಬೇರು. ಎಲ್ಲರೂ ಅದನ್ನು ‘ಐಡಿಯಾ’ ಎನ್ನುತ್ತಾರೆ. ಶಾಲೆಯವರು ಮಗುವನ್ನು ಪರೀಕ್ಷಿಸಿ ‘ಐಇಪಿ’ ಬರೆಯುತ್ತಾರೆ, ಅಂದರೆ ಈ ಮಗುವಿಗೆ ಈ ವರ್ಷ ಏನೇನು ಕಲಿಸಬೇಕು, ಯಾವ ಥೆರಪಿ ವಾರಕ್ಕೆ ಎಷ್ಟು ನಿಮಿಷ ಎಂಬ ಕರಾರು. ಸ್ಪ್ಯಾನಿಷ್‌ನಲ್ಲಿ ಅದಕ್ಕೆ ಉದ್ದದ ಹೆಸರಿದ್ದರೂ ತಾಯಂದಿರು ‘ಎಲ್ ಐಇಪಿ’ ಎಂದೇ ಹೇಳುತ್ತಾರೆ.

ಶಾಲೆ ‘ಆಟಿಸಂ’ ಎಂದು ಬರೆದರೆ ಅದು ಪಾಠಕ್ಕೆ ಮಾತ್ರ. ಇನ್ಶೂರೆನ್ಸ್‌ನವರು ಕೇಳುವುದು ಡಾಕ್ಟರ್ ಅಥವಾ ಸೈಕಾಲಜಿಸ್ಟ್ ಕೊಟ್ಟ ಡಯಾಗ್ನೋಸಿಸ್. ಇದು ಗೊತ್ತಿಲ್ಲದೆ ಒಂದೇ ಕಾಗದ ಹಿಡಿದು ಎರಡು ವರ್ಷ ಅಲೆದವರನ್ನು ಕಂಡಿದ್ದೇನೆ.

ಬಾಯಿಮಾತು ಬೇಡ, ಬರೆದು ಕೊಡಿ

ಪಕ್ಕದ ಬ್ಲಾಕಿನಾಕೆ ಮಗನ ಪರೀಕ್ಷೆ ಮಾಡಿ ಎಂದು ಶಾಲೆಯಲ್ಲಿ ಮೂರು ಸಲ ಕೇಳಿದ್ದರಂತೆ. ಗೇಟಿನ ಹತ್ತಿರ, ಟೀಚರ್ ಅವಸರದಲ್ಲಿದ್ದಾಗ. ‘ನೋಡೋಣ’ ಎಂಬ ಉತ್ತರ ಬಂದಿತ್ತು. ಗೇಟಿನ ಮಾತಿಗೆ ಕಾನೂನಿನ ಗಡಿಯಾರ ಓಡುವುದಿಲ್ಲ. ಅದು ಓಡುವುದು ಕಾಗದ ಕೈಸೇರಿದ ದಿನದಿಂದ. ಹಾಗಾಗಿ ಕಲಿಯಲೇಬೇಕಾದ ಸ್ಪ್ಯಾನಿಷ್ ಮಾತು ‘ಪೊರ್ ಎಸ್ಕ್ರೀತೊ’, ಬರಹದಲ್ಲಿ.

ಪತ್ರ ಸ್ಪ್ಯಾನಿಷ್‌ನಲ್ಲೇ ಇರಲಿ, ಪರವಾಗಿಲ್ಲ. ನಾವು ಲಾಂಡ್ರಿ ಕೋಣೆಯ ಮೇಜಿನ ಮೇಲೆ ಬರೆದದ್ದು ಆರೇ ಸಾಲು: ಮಗನ ಹೆಸರು, ಹುಟ್ಟಿದ ದಿನ, ಅವನಿಗೆ ಆಟಿಸಂ ಇರಬಹುದೆಂಬ ಅನುಮಾನ, ಎಲ್ಲ ವಿಷಯಗಳಲ್ಲೂ ಹೊಸದಾಗಿ ಪರೀಕ್ಷೆ ಮಾಡಿ ಎಂಬ ಕೋರಿಕೆ, ಮಾತಿನ ಪರೀಕ್ಷೆಯನ್ನು ಮನೆಭಾಷೆಯಲ್ಲೂ ಮಾಡಿ ಎಂಬ ಸಾಲು, ಎಲ್ಲ ಕಾಗದವೂ ಸ್ಪ್ಯಾನಿಷ್‌ನಲ್ಲಿ ಬೇಕು, ಮೀಟಿಂಗಿಗೆ ದುಭಾಷಿ ಬೇಕು ಎಂಬ ಸಾಲು, ತಾರೀಕು, ಸಹಿ. ಎರಡು ಪ್ರತಿ. ಆಫೀಸಿನಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ‘ತಲುಪಿದೆ’ ಎಂದು ಸೀಲು, ತಾರೀಕು ಹಾಕಿಸಿಕೊಂಡೆವು. ಊರಿನ ತಾಲ್ಲೂಕು ಕಚೇರಿಯಲ್ಲಿ ಟಪಾಲು ವಿಭಾಗದವರ ಹತ್ತಿರ ಅಪ್ಪ ಮಾಡಿಸುತ್ತಿದ್ದ ಕೆಲಸ ಇದೇ. ಅಲ್ಲಿ ಕಲಿತದ್ದು ಇಲ್ಲಿ ಕೈಹಿಡಿಯಿತು.

ಇನ್ನು ಲೆಕ್ಕ. ಪತ್ರ ತಲುಪಿದ 15 ದಿನದೊಳಗೆ ಶಾಲೆ ಪರೀಕ್ಷೆಯ ಯೋಜನೆ ಕೊಡಬೇಕು. ಒಪ್ಪಿಗೆ ಕೊಡಲು ತಾಯಿಗೆ ಕನಿಷ್ಠ 15 ದಿನ ಸಮಯವಿದೆ. ಸಹಿ ಹಾಕಿ ಕೊಟ್ಟ ಮೇಲೆ 60 ದಿನದೊಳಗೆ ಪರೀಕ್ಷೆ ಮುಗಿದು ಐಇಪಿ ಸಭೆ. ಬೇಸಿಗೆಯಂಥ ದೊಡ್ಡ ರಜೆಯ ದಿನಗಳು ಲೆಕ್ಕಕ್ಕಿಲ್ಲ, ಆದ್ದರಿಂದ ಮೇ ಕೊನೆಯಲ್ಲಿ ಕೊಡುವ ಪತ್ರಕ್ಕಿಂತ ಮಾರ್ಚಿನಲ್ಲಿ ಕೊಟ್ಟದ್ದು ಒಳ್ಳೆಯದು. ಫ್ರಿಜ್ಜಿಗೆ ಅಂಟಿಸಿದ ಕ್ಯಾಲೆಂಡರಿನಲ್ಲಿ ಮಗಳು ಕೆಂಪು ಪೆನ್ನಿನಿಂದ ಮೂರು ಗುಂಡು ಬರೆದಳು. ಆ ಮಗುವಿಗೆ ಒಪ್ಪುವ ಕೆಲಸ ಅದು.

ದುಭಾಷಿ ದಯೆಯಿಂದ ಕೊಡುವುದಲ್ಲ

ತಾಯಿತಂದೆಗೆ ಮೀಟಿಂಗಿನಲ್ಲಿ ನಡೆಯುವುದು ಅರ್ಥವಾಗುವಂತೆ ನೋಡಿಕೊಳ್ಳುವುದು ಶಾಲೆಯ ಹೊಣೆ, ಅಗತ್ಯವಿದ್ದರೆ ದುಭಾಷಿಯನ್ನು ಕರೆಸಿಯಾದರೂ. ಇದು ಐಡಿಯಾ ಕಾನೂನಿನಲ್ಲೇ ಇದೆ. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೇ ಭಾಗವೂ ಬೆನ್ನಿಗಿದೆ. 2025ರ ಮಾರ್ಚಿನಲ್ಲಿ ಅಧ್ಯಕ್ಷರ ಆದೇಶವೊಂದು ಇಂಗ್ಲಿಷನ್ನು ಅಮೆರಿಕದ ಅಧಿಕೃತ ಭಾಷೆ ಎಂದು ಘೋಷಿಸಿತು. ಆಗ ಎಷ್ಟೋ ಮನೆಗಳಲ್ಲಿ ‘ಇನ್ನು ದುಭಾಷಿ ಕೇಳುವ ಹಾಗಿಲ್ಲ’ ಎಂಬ ಗುಲ್ಲೆದ್ದಿತ್ತು. ಆದೇಶ ಬೇರೆ, ಸಂಸತ್ತು ಮಾಡಿದ ಕಾಯ್ದೆ ಬೇರೆ. ಕಾಯ್ದೆ ಹಾಗೇ ಇದೆ.

ಆಸ್ಪತ್ರೆಯಲ್ಲೂ ಮಕ್ಕಳನ್ನು ದುಭಾಷಿಯಾಗಿ ಬಳಸುವುದಕ್ಕೆ, ತುರ್ತು ಸಂದರ್ಭ ಬಿಟ್ಟರೆ, ಕೇಂದ್ರದ ನಿಯಮಗಳ ಅಡ್ಡಿಯಿದೆ. ‘ನೆಸೆಸಿತೊ ಉನ್ ಇಂತೆರ್ಪ್ರೆತೆ’ ಎಂದಷ್ಟೇ ಹೇಳಲು ಕಲಿಸಿ, ಸಾಕು. ನಿಮ್ಮ ಸ್ಪ್ಯಾನಿಷ್ ಚೆನ್ನಾಗಿದ್ದರೂ ನೀವು ದುಭಾಷಿಯ ಕುರ್ಚಿಯಲ್ಲಿ ಕೂರಬೇಡಿ. ಜೊತೆಗಾರರಾಗಿ ಕೂತು ನೋಟ್ಸ್ ಬರೆದುಕೊಳ್ಳಿ.

ಇನ್ನೊಂದು ಎಚ್ಚರ. ಗ್ವಾಟೆಮಾಲಾದಿಂದ, ಮೆಕ್ಸಿಕೋದ ವಹಾಕಾದಿಂದ ಬಂದವರೆಲ್ಲ ಸ್ಪ್ಯಾನಿಷ್ ಮನೆಮಾತಿನವರಲ್ಲ. ಓಕ್‌ಲ್ಯಾಂಡಿನಲ್ಲಿ ಮಾಮ್ ಭಾಷೆಯವರ ದೊಡ್ಡ ಬಳಗವೇ ಇದೆ, ಹೊಲಗೆಲಸದ ಕಡೆಗಳಲ್ಲಿ ಮಿಕ್ಸ್‌ಟೆಕ್ ಮಾತಿನವರಿದ್ದಾರೆ. ಕೊಡಗಿನವರನ್ನೋ ಮಂಗಳೂರಿನವರನ್ನೋ ಕಂಡು ಮನೆಮಾತು ಕನ್ನಡವೇ ಎಂದುಕೊಂಡ ಹಾಗೆ ಆಗಬಾರದು. ಮನೆಯಲ್ಲಿ ಯಾವ ಮಾತು ಎಂದು ಮೊದಲೇ ಕೇಳಿ.

ಮೀಟಿಂಗ್ ದಿನ

ಅಂದೇ ಸಹಿ ಹಾಕಬೇಕಿಲ್ಲ. ಬಂದಿದ್ದೇನೆ ಎಂಬುದಕ್ಕೆ ಹಾಜರಿ ಸಹಿ ಬೇರೆ, ಒಪ್ಪಿಗೆಯ ಸಹಿ ಬೇರೆ. ಗೆರೆ ಎಲ್ಲಿದೆ ನೋಡಿ. ‘ಅನುವಾದ ಮಾಡಿ ಕೊಡಿ, ಓದಿ ಆಮೇಲೆ ಹೇಳುತ್ತೇನೆ’ ಎನ್ನಬಹುದು. ಒಪ್ಪಿದ ಭಾಗಕ್ಕೆ ಮಾತ್ರ ಒಪ್ಪಿಗೆ ಕೊಟ್ಟು ಉಳಿದದ್ದನ್ನು ಬಿಡಬಹುದು, ಒಪ್ಪಿದ ಥೆರಪಿ ಅಷ್ಟರಲ್ಲಿ ಶುರುವಾಗುತ್ತದೆ. 24 ಗಂಟೆ ಮೊದಲು ತಿಳಿಸಿದರೆ ಸಭೆಯ ಆಡಿಯೋ ರೆಕಾರ್ಡ್ ಮಾಡಲು ಕ್ಯಾಲಿಫೋರ್ನಿಯಾದಲ್ಲಿ ಅವಕಾಶವಿದೆ. ಮನೆಗೆ ಬಂದು ಗಂಡನಿಗೆ ಕೇಳಿಸಲು ಅದು ಉಪಯೋಗಕ್ಕೆ ಬಂತು, ಅವರಿಗೆ ರಾತ್ರಿ ಪಾಳಿ.

ಯಾರಾದರೂ ‘ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ’ ಎಂದರೆ ತಲೆಯಾಡಿಸಬೇಡಿ. ಎರಡು ಭಾಷೆ ಕೇಳುವುದರಿಂದ ಆಟಿಸಂ ಇರುವ ಮಕ್ಕಳ ಮಾತಿಗೆ ಹಾನಿಯಾಗುತ್ತದೆ ಎಂಬುದನ್ನು ಸಂಶೋಧನೆಗಳು ಎತ್ತಿಹಿಡಿದಿಲ್ಲ. ನನ್ನ ಪರಿಚಯದ ಕನ್ನಡ ಮನೆಯೊಂದು ಇದೇ ಸಲಹೆ ನಂಬಿ ಕನ್ನಡ ಬಿಟ್ಟಿತು. ಈಗ ಬೆಂಗಳೂರಿನಿಂದ ಅಜ್ಜಿ ವಿಡಿಯೋ ಕಾಲ್ ಮಾಡಿದರೆ ಮೊಮ್ಮಗನಿಗೂ ಅವರಿಗೂ ನಡುವೆ ಮಾತೇ ಇಲ್ಲ. ಅಮ್ಮ ಲಾಲಿ ಹಾಡುವುದು ಯಾವ ಭಾಷೆಯಲ್ಲೋ ಅದೇ ಭಾಷೆಯಲ್ಲಿ ಮಾತಾಡಲಿ.

ದುಡ್ಡು, ಮತ್ತು ಭಯ

ಕ್ಯಾಲಿಫೋರ್ನಿಯಾದಲ್ಲಿ ಬಡವರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿ-ಕ್ಯಾಲ್ 2016ರಿಂದ ವಲಸೆ ದಾಖಲೆ ಇಲ್ಲದ ಬಡ ಮಕ್ಕಳಿಗೂ ಪೂರ್ತಿ ವಿಮೆ ಕೊಡುತ್ತಾ ಬಂದಿದೆ. 21 ವರ್ಷದೊಳಗಿನವರಿಗೆ ವರ್ತನೆಯ ಥೆರಪಿಯೂ ಅದರಡಿ ಬರುತ್ತದೆ. (ಆ ಥೆರಪಿಯ ಬಗ್ಗೆ ಆಟಿಸಂ ಇರುವ ದೊಡ್ಡವರಲ್ಲೇ ಬಹಳ ತಕರಾರಿದೆ. ವಾರಕ್ಕೆ ಇಷ್ಟು ಗಂಟೆ ಎಂದು ಒಪ್ಪಿಕೊಳ್ಳುವ ಮುನ್ನ ಮಗು ಅಲ್ಲಿ ಅಳುತ್ತದೋ ಆಡುತ್ತದೋ ನೋಡಿ.) ರೀಜನಲ್ ಸೆಂಟರಿಗೂ ಪೌರತ್ವ ಬೇಕಿಲ್ಲ, ಆ ಪ್ರದೇಶದಲ್ಲಿ ವಾಸವಿದ್ದರೆ ಸಾಕು. ವಲಸೆಯ ಕಾರಣಕ್ಕೆ ಮಗುವನ್ನು ಸರ್ಕಾರಿ ಶಾಲೆಯಿಂದ ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 1982ರಲ್ಲೇ ಹೇಳಿದೆ.

ಇಷ್ಟೆಲ್ಲ ಹೇಳಿದರೂ ಭಯ ಹೋಗುವುದಿಲ್ಲ, ಹೋಗು ಎನ್ನಲು ನಾವ್ಯಾರು? ಶಾಲೆ, ಆಸ್ಪತ್ರೆಗಳ ಹತ್ತಿರ ವಲಸೆ ಅಧಿಕಾರಿಗಳು ಬಾರದಂತೆ ಇದ್ದ ಹಳೆಯ ಕಟ್ಟುಪಾಡನ್ನು 2025ರ ಜನವರಿಯಲ್ಲಿ ತೆಗೆದುಹಾಕಿದರು. ‘ಏನೂ ಆಗಲ್ಲ’ ಎಂಬ ಭರವಸೆಯನ್ನು ಬಾಯಿತಪ್ಪಿಯೂ ಕೊಡಬೇಡಿ. ಅರ್ಜಿಯಲ್ಲಿ ಅಪ್ಪ ಅಮ್ಮನ ವಿವರ ಎಲ್ಲಿಯವರೆಗೆ ಬರೆಯಬೇಕು ಎಂಬ ಪ್ರಶ್ನೆ ಬಂದರೆ ಉಚಿತವಾಗಿ ಸಲಹೆ ಕೊಡುವ ವಲಸೆ ವಕೀಲರ ಹತ್ತಿರ ಕರೆದೊಯ್ಯಿರಿ. ‘ನೊತಾರಿಯೊ’ ಎಂಬ ಬೋರ್ಡು ಹಾಕಿಕೊಂಡವರ ಹತ್ತಿರ ಬೇಡ. ಮೆಕ್ಸಿಕೋದಲ್ಲಿ ಆ ಹೆಸರಿಗೆ ವಕೀಲನ ಘನತೆ ಇದೆ. ಇಲ್ಲಿ ಅದು ಸೀಲು ಒತ್ತುವವನ ಹೆಸರು.

ಇನ್ನೊಬ್ಬ ತಾಯಿಯನ್ನು ಹುಡುಕಿಕೊಡಿ

ನೀವೆಷ್ಟೇ ಓಡಾಡಿದರೂ ಅದೇ ದಾರಿ ನಡೆದ ತಾಯಿಯ ಒಂದು ಮಾತಿಗೆ ಸಮವಲ್ಲ. ಪ್ರತಿ ರಾಜ್ಯದಲ್ಲೂ ಕೇಂದ್ರ ಶಿಕ್ಷಣ ಇಲಾಖೆಯ ಹಣದಿಂದ ನಡೆಯುವ ಪೋಷಕರ ತರಬೇತಿ ಕೇಂದ್ರ ಒಂದಾದರೂ ಇದೆ. ನಮ್ಮ ಕಡೆ ಸ್ಯಾನ್ ಹೋಸೆಯ ‘ಪೇರೆಂಟ್ಸ್ ಹೆಲ್ಪಿಂಗ್ ಪೇರೆಂಟ್ಸ್’ ಸ್ಪ್ಯಾನಿಷ್‌ನಲ್ಲೂ ನೆರವಾಗುತ್ತದೆ. ಲಾಸ್ ಏಂಜಲೀಸಿನಲ್ಲಿ 1978ರಲ್ಲಿ ಹುಟ್ಟಿದ ‘ಫಿಯೆಸ್ತಾ ಎದುಕಾತಿವಾ’ ಸ್ಪ್ಯಾನಿಷ್ ಮನೆಗಳಿಗೆಂದೇ ಇದೆ, ಷಿಕಾಗೋದಲ್ಲಿ ‘ಗ್ರೂಪೊ ಸಾಲ್ತೊ’. ಸಂಶೋಧಕಿ ಸ್ಯಾಂಡಿ ಮಗಾನ್ಯಾ ರೂಪಿಸಿದ ‘ಪಾದ್ರೆಸ್ ಎನ್ ಅಕ್ಸಿಯೋನ್’ ಎಂಬ ಕ್ರಮದಲ್ಲಿ ಆಟಿಸಂ ಮಗುವನ್ನು ಬೆಳೆಸಿದ ತಾಯಿಯೇ ‘ಪ್ರೊಮೊತೋರಾ’ ಆಗಿ ಇನ್ನೊಂದು ತಾಯಿಗೆ ಕಲಿಸುತ್ತಾಳೆ. ನಮ್ಮ ಆಶಾ ಕಾರ್ಯಕರ್ತೆಯನ್ನು ನೆನೆಸಿಕೊಂಡರೆ ಅಂದಾಜು ಸಿಗುತ್ತದೆ. ಜಗಳಕ್ಕೆ ಬಂದರೆ ‘ಡಿಸೆಬಿಲಿಟಿ ರೈಟ್ಸ್ ಕ್ಯಾಲಿಫೋರ್ನಿಯಾ’ದ ವಕೀಲರಿದ್ದಾರೆ, ಅವರ ಶಿಕ್ಷಣ ಹಕ್ಕುಗಳ ಕೈಪಿಡಿ ಸ್ಪ್ಯಾನಿಷ್‌ನಲ್ಲೂ ಇದೆ. ಏನೂ ತೋಚದಿದ್ದರೆ ಸಹಾಯವಾಣಿ 211ಕ್ಕೆ ಫೋನ್ ಮಾಡಿ, ಸ್ಪ್ಯಾನಿಷ್ ಎಂದರೆ ಸಾಕು.

ಎರಡನೇ ಮೀಟಿಂಗಿಗೆ ದುಭಾಷಿ ಬಂದರು. ಬಿಳಿ ಕೂದಲಿನ, ನಿಧಾನ ಮಾತಿನ ಹೆಂಗಸು. ಮಗಳು ಹೊರಗೆ ವರಾಂಡದಲ್ಲಿ ಕೂತು ಬಣ್ಣ ತುಂಬುತ್ತಿದ್ದಳು. ತಜ್ಞರು ಅರ್ಧ ಗಂಟೆ ಅಂಕಿಗಳನ್ನು ಓದಿದ ಮೇಲೆ ‘ನಿಮ್ಮ ಪ್ರಶ್ನೆ ಏನಾದರೂ?’ ಎಂದರು. ಆಕೆ ಸೆರಗಿಲ್ಲದ ಕೈಯನ್ನು ಮಡಿಲಲ್ಲಿ ಹಿಸುಕಿಕೊಂಡು, ಸ್ಪ್ಯಾನಿಷ್‌ನಲ್ಲಿ, ಪೂರ್ತಿ ವಾಕ್ಯದಲ್ಲಿ ಕೇಳಿದರು: ‘ಅವನ ಊಟದ ಡಬ್ಬಿಯ ಮುಚ್ಚಳ ಯಾರು ತೆಗೆದುಕೊಡುತ್ತಾರೆ? ದಿನಾ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರುತ್ತಿದೆ.’

ಮೇಜಿನ ಸುತ್ತ ಆರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡಬ್ಬಿ ತೆರೆದುಕೊಡಬೇಕು, ಆಮೇಲೆ ತಾನೇ ತೆರೆಯಲು ಕಲಿಸಬೇಕು ಎಂಬುದು ಆ ದಿನದ ಐಇಪಿಯ ಮೂರನೇ ಗುರಿಯಾಗಿ ಸೇರಿತು.