ಪಗಾರಕ್ಕ ಇನ್ನೂ ಹತ್ತ್ ದಿನ ಐತಿ, ಕೈಯಾಗ ರೊಕ್ಕ ಇಲ್ಲ: ಸಾಲದ ಆ್ಯಪ್ ಒತ್ತೂಕಿಂತ ಮದ್ಲ ಇದನ್ನ ಓದ್ರಿ

ತಿಂಗಳ 20ನೇ ತಾರೀಖಿಗೆ ರೊಕ್ಕ ಖಾಲಿ ಆಗೂದು ಹುಬ್ಬಳ್ಳಿ-ಧಾರವಾಡದ ತಾರಿಹಾಳ, ಗೋಕುಲ ರೋಡ್, ಬೇಲೂರ ಇಂಡಸ್ಟ್ರಿಯಲ್ ಏರಿಯಾ ಕಡೆ ದುಡಿಯೋರ ಎಷ್ಟೋ ಮನ್ಯಾಗ ಐತಿ, ಅದ್ರಾಗ ನಾಚಿಕಿ ಪಡೂದೇನಿಲ್ಲ. ಆದ್ರ ಅವತ್ತ ಫೋನಿನ್ಯಾಗ "ಎರಡ್ ನಿಮಿಷದಾಗ ಸಾಲ" ಅಂತ ಬರೋ ಆ್ಯಪ್ ಒತ್ತೂಕಿಂತ ಮದ್ಲ ಕೈಗೆ ಎಷ್ಟ್ ಬರ್ತೈತಿ, ಎಷ್ಟ್ ದಿನಕ್ಕ, ತಿರುಗಿ ಎಷ್ಟ್ ಕಟ್ಟಬೇಕು, ಈ ಮೂರು ಒಂದ್ ಚೀಟಿ ಮ್ಯಾಲೆ ಬರೀರಿ.

ಈಗ 10,000 ಸಾಲ ಅಂತಾರ ಅನ್ಕೊಳ್ರಿ, ಪ್ರೊಸೆಸಿಂಗ್ ಫೀ, ಜಿಎಸ್‌ಟಿ, ಅದು ಇದು ಅಂತ ಮುರ್ಕೊಂಡು ಅಕೌಂಟಿಗೆ 7,500 ಹಾಕ್ತಾರ, 15 ದಿನಕ್ಕ ಪೂರಾ 10,000 ಕಟ್ಟು ಅಂತಾರ. 7,500ಕ್ಕ 15 ದಿನಕ್ಕ 2,500 ಅಂದ್ರ ವರ್ಷದ ಲೆಕ್ಕಕ್ಕ 800 ಪರ್ಸೆಂಟ್ ಆತು. ತಿಂಗಳಿಗೆ ನೂರಕ್ಕ 10 ಬಡ್ಡಿ ತಗೊಳ್ಳೋರಿಗೆ ನಾವು ರಕ್ತ ಹೀರ್ತಾರ ಅಂತ ಬೈತೀವಿ, ಅದು ವರ್ಷಕ್ಕ 120 ಅಷ್ಟ. ಅಮೇರಿಕಾದಾಗ ಇಂಥಾದ್ಕ ಪೇಡೇ ಲೋನ್ ಅಂತಾರ, ಅಲ್ಲಿ 100 ಡಾಲರಿಗೆ ಎರಡ್ ವಾರಕ್ಕ 15 ಡಾಲರ್ ಫೀ ಸಾಮಾನ್ಯ, ಅದೂ ವರ್ಷಕ್ಕ 400ರ ಹತ್ರ ಹೋಗ್ತೈತಿ.

ಬಡ್ಡಿಕಿಂತ ದೊಡ್ಡ ಗಂಡಾಂತರ ಮುಂದಿನ ತಿಂಗಳದ್ದು. ಪಗಾರ ಬಂದ ದಿನಾನ 10,000 ಆಟೋ ಡೆಬಿಟ್ ಆಗ್ತೈತಿ, ಅಂದ್ರ ಅಕೌಂಟಿನಿಂದ ತಾನ ಕಟ್ ಆಗ್ತೈತಿ, ಬಾಡಿಗಿ ರೇಷನ್ನಿಗೆ ಮತ್ತ ಕಮ್ಮಿ ಬೀಳ್ತೈತಿ, ಅದಕ್ಕ ಇನ್ನೊಂದ್ ಆ್ಯಪ್, ಅದನ್ನ ತೀರ್ಸಾಕ ಮೂರನೇದು. ಅಕೌಂಟಿನ್ಯಾಗ ರೊಕ್ಕ ಇರಲಿಲ್ಲಂದ್ರ ಬ್ಯಾಂಕಿನ ಬೌನ್ಸ್ ಚಾರ್ಜ್ ಬ್ಯಾರೆ, ಆ್ಯಪಿನವ್ರ ದಂಡ ಬ್ಯಾರೆ. ದಯವಿಟ್ಟು ಒಂದ್ ಆ್ಯಪಿನ ಸಾಲ ತೀರ್ಸಾಕ ಇನ್ನೊಂದ್ ಆ್ಯಪ್ ಇಳಿಸ್ಕೋಬ್ಯಾಡ್ರಿ.

ಹಂಗಾದ್ರ ರೊಕ್ಕ ಎಲ್ಲಿಂದ ತರೂದು? ಮದ್ಲ ಖರ್ಚನ್ನ ಮುಂದ ಹಾಕಾಕ ಬರ್ತೈತೇನ ನೋಡ್ರಿ. ಮನಿ ಮಾಲಕರಿಗೆ, ಸಾಲಿ ಆಫೀಸಿಗೆ ಹೋಗಿ "ಪಗಾರ ಆದ ಕೂಡಲೇ ಕೊಡ್ತೀನ್ರಿ" ಅಂತ ಕೇಳಿದ್ರ ಭಾಳ ಮಂದಿ ಒಪ್ಕೋತಾರ. ದವಾಖಾನಿ ಖರ್ಚಾದ್ರ ಬಿಪಿಎಲ್ ಕಾರ್ಡಿನವ್ರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ವರ್ಷಕ್ಕ ಮನಿಗೆ 5 ಲಕ್ಷ ತನಕ ಐತಿ, ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ) ಸರ್ಕಾರಿ ದವಾಖಾನ್ಯಾಗ ಮದ್ಲ ವಿಚಾರಿಸ್ರಿ. ಪಿಎಫ್ ಕಟ್ಟೋರಿಗೆ ಜಡ್ಡಿಗೆ ಅಂತ ಅಡ್ವಾನ್ಸ್ ತಗೊಳಾಕ ಬರ್ತೈತಿ, ಅದು ನಿಮ್ಮದ ರೊಕ್ಕ, ಬಡ್ಡಿ ಇಲ್ಲ. ಕಂಪನಿಯಾಗ ಪಗಾರದ ಅಡ್ವಾನ್ಸ್ ಕೇಳ್ರಿ, ಬಾಯಿಮಾತಿನ್ಯಾಗ ಬ್ಯಾಡ, ಒಂದ್ ಅರ್ಜಿ ಬರ್ದು ಕೊಡ್ರಿ, ಎಷ್ಟ್ ತಿಂಗಳದಾಗ ಮುರ್ಕೋಬೇಕು ಅನ್ನೂದನ್ನೂ ಅದ್ರಾಗ ಹಾಕ್ರಿ.

ಮನ್ಯಾಗ ಒಂದೆರಡ ಗ್ರಾಂ ಬಂಗಾರ ಇದ್ರ ಬ್ಯಾಂಕಿನ್ಯಾಗ ಅಡಾ ಇಡ್ರಿ. ವರ್ಷಕ್ಕ 12 ಪರ್ಸೆಂಟ್ ಅಂದ್ರೂ 10,000ಕ್ಕ ತಿಂಗಳಿಗೆ 100 ರೂಪಾಯಿ ಬಡ್ಡಿ, ಮ್ಯಾಲೆ ಸಣ್ಣ ಚಾರ್ಜ್. ಬಂಗಾರ ಅಡಾ ಇಟ್ರ ಮರ್ಯಾದಿ ಹೋಗ್ತೈತಿ ಅನ್ನೋರು ಮ್ಯಾಲಿನ 2,500ರ ಲೆಕ್ಕಾ ಇನ್ನೊಮ್ಮೆ ನೋಡ್ರಿ.

ಪತ್ತಿನ ಸಂಘ ಮರೀಬ್ಯಾಡ್ರಿ. ಬಡ್ಡಿ ಸಾವುಕಾರರ ಕೈಯಿಂದ ರೈತರನ್ನ ಬಿಡ್ಸಾಕ ಅಂತ 1905ರಾಗ ನಮ್ಮ ಗದಗ ಪಕ್ಕದ ಕಣಗಿನಹಾಳದಾಗ ಸಿದ್ದನಗೌಡ ಪಾಟೀಲರು ದೇಶದ ಮೊದಮೊದಲ ಸಹಕಾರಿ ಪತ್ತಿನ ಸಂಘದಾಗ ಒಂದನ್ನ ಕಟ್ಟಿದ್ರು, ಅಂಥಾ ಊರ ಕಡೇರು ನಾವು ಹೆಸರ ಗೊತ್ತಿಲ್ಲದ ಆ್ಯಪಿಗೆ ಆಧಾರ್ ಕೊಡ್ತೀವಿ ಅಂದ್ರ ಹೊಟ್ಟ್ಯಾಗ ಸಂಕಟ ಆಗ್ತೈತಿ. ನಿಮ್ಮ ಓಣ್ಯಾಗ ಅಥವಾ ಕೆಲಸದ ಜಾಗಾದಾಗ ನಂಬಿಕಸ್ತ ಸೊಸೈಟಿ ಇದ್ರ ರೊಕ್ಕದ ಅಡಚಣಿ ಇಲ್ಲದಾಗನ ಮೆಂಬರ್ ಆಗ್ರಿ, ದಿನಾ 50 ರೂಪಾಯಿ ಪಿಗ್ಮಿ ಕಟ್ಟಿದ್ರ ಅದ್ರ ಮ್ಯಾಲೆ ಸಾಲ ಸಿಗ್ತೈತೇನ ಅಂತ ಕೇಳಿ ಇಡ್ರಿ. ಅವ್ವ ಅಥವಾ ಅಕ್ಕ ಸ್ತ್ರೀಶಕ್ತಿ ಸಂಘದಾಗ ಇದ್ರ ಅಲ್ಲಿ ಉಳಿತಾಯದ ರೊಕ್ಕದಾಗ ಸಾಲ ಕೊಡ್ತಾರ. ಗಾಡಿ ಮ್ಯಾಲೆ ಕಾಯಿಪಲ್ಲೆ, ಗಿರ್ಮಿಟ್ ಮಾರೋರು ಪಾಲಿಕಿಯಾಗ ಪಿಎಂ ಸ್ವನಿಧಿ ಸಾಲ ವಿಚಾರಿಸ್ರಿ, ಅದಕ್ಕ ಅಡಮಾನ ಬೇಕಾಗಿಲ್ಲ.

ಯಾವ್ದೂ ದಾರಿ ಇಲ್ಲ, ಆ್ಯಪ್ ಬೇಕ ಬೇಕು ಅಂದ್ರ ಸಾಲ ಕೊಡೂದು ಯಾವ ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿ (ಬ್ಯಾಂಕ್ ಅಲ್ಲದ ಸಾಲದ ಕಂಪನಿ) ಅನ್ನೂದನ್ನ ರಿಸರ್ವ್ ಬ್ಯಾಂಕಿನ (ಆರ್‌ಬಿಐ) ವೆಬ್‌ಸೈಟಿನ್ಯಾಗ ನೋಡ್ರಿ. ಆರ್‌ಬಿಐ ನಿಯಮದ ಪ್ರಕಾರ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ (ಸಾಲದ ಮುಖ್ಯ ವಿವರದ ಪತ್ರ) ಮದ್ಲ ಕೊಡಬೇಕು, ಅದ್ರಾಗ ಎಲ್ಲಾ ಫೀ ಸೇರ್ಸಿ ವರ್ಷದ ದರ ಇರಬೇಕು, ರೊಕ್ಕ ನೇರ ನಿಮ್ಮ ಅಕೌಂಟಿಗೆ ಬರಬೇಕು. ಕಾಂಟ್ಯಾಕ್ಟ್ ಲಿಸ್ಟ್, ಗ್ಯಾಲರಿ, ಕಾಲ್ ಲಾಗ್ ಕೇಳಿದ್ರ ಅಲ್ಲೇ ಡಿಲೀಟ್ ಮಾಡ್ರಿ, ಮುಂದ ಬೀಗರಿಗೆಲ್ಲಾ ಫೋಟೋ ಕಳ್ಸಿ ಹೆದರ್ಸೂದು ಅದ್ರಿಂದಾನ.

ಈಗಾಗ್ಲೇ ಸಿಕ್ಕೊಂಡಿದ್ರ ಮನ್ಯಾಗ ಇವತ್ತ ಹೇಳ್ರಿ, ಒಬ್ರ ನುಂಗ್ಕೊಂಡು ಕುಂದ್ರಬ್ಯಾಡ್ರಿ, ರೊಕ್ಕದ ಸಾಲಕ್ಕ ಜೀವಾ ಕೊಡೂದಲ್ಲ. ವಾಟ್ಸಾಪಿನ್ಯಾಗ ಬರೋ ಅರೆಸ್ಟ್ ವಾರಂಟ್ ನಕಲಿ. ವಸೂಲಿ ಏಜೆಂಟ್ರು ಮುಂಜಾನೆ 8ಕ್ಕಿಂತ ಮದ್ಲ, ಸಂಜಿ 7ರ ಮ್ಯಾಲೆ ಫೋನ್ ಮಾಡಂಗಿಲ್ಲ ಅಂತ ಆರ್‌ಬಿಐ ಹೇಳೈತಿ, ಕರ್ನಾಟಕದಾಗ 2025ರಾಗ ಬಂದ ಕಾನೂನಿನ್ಯಾಗ ಕಿರುಸಾಲದ ಬಲವಂತದ ವಸೂಲಿಗೆ 10 ವರ್ಷ ತನಕ ಜೈಲು ಐತಿ. ಬೆದರಿಕಿ ಮೆಸೇಜಿನ ಸ್ಕ್ರೀನ್‌ಶಾಟ್, ಕಾಲ್ ಬಂದ ಟೈಮು, ಕಟ್ಟಿದ ರಸೀದಿ ಎಲ್ಲಾ ಇಟ್ಕೊಂಡು ಸೈಬರ್ ಅಪರಾಧದ ಸಹಾಯವಾಣಿ 1930ಕ್ಕ ಫೋನ್ ಮಾಡ್ರಿ, ಇಲ್ಲಾ ಹತ್ತಿರದ ಠಾಣೆಗೆ ಹೋಗ್ರಿ. ಕಂಪನಿ ನೋಂದಣಿ ಇದ್ದದ್ದಾದ್ರ ಮದ್ಲ ಅವ್ರಿಗೆ ಲಿಖಿತ ದೂರು ಕೊಡ್ರಿ, 30 ದಿನದಾಗ ಉತ್ತರ ಬರಲಿಲ್ಲಂದ್ರ ದೂರು ವಿಚಾರಿಸೋ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹಾಕ್ರಿ. ಸಾಲ ತೀರಿದ ಮ್ಯಾಲೆ ಬಾಕಿ ಏನೂ ಇಲ್ಲ ಅನ್ನೋ ನೋ ಡ್ಯೂಸ್ ಪತ್ರ ತಗೊಳ್ರಿ, ಬ್ಯಾಂಕಿಗೆ ಹೋಗಿ ಆಟೋ ಡೆಬಿಟ್ ಬಂದ್ ಮಾಡ್ಸಿ ಬರ್ರಿ.